ಬ್ಯಾಂಡ್ ಬಿಚ್ಚಿದ ಮೇಲೆ ಮುಂದೇನು?

ಅನ್ನನಾಳ ಬಂದು ಸೇರುವ ಜಾಗದ ತುಸು ಕೆಳಗೆ, ಜಠರದ ಮೇಲ್ಭಾಗಕ್ಕೆ ಸಿಲಿಕೋನಿನ ಬ್ಯಾಂಡ್ ಒಂದನ್ನು ಸುತ್ತಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಒಂದು ಕಾಲಕ್ಕೆ ಯುರೋಪು, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಬಲು ಜನಪ್ರಿಯವಾಗಿತ್ತು. 1993ರಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಮಿಟಿಕು ಬೆಲಾಚೆವ್ ಇದನ್ನು ಲ್ಯಾಪರೊಸ್ಕೋಪಿನ ಮೂಲಕ ಅಳವಡಿಸಿದರು. 2001ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದು: ಜಠರವನ್ನು ಕತ್ತರಿಸಬೇಕಿಲ್ಲ, ಕರುಳನ್ನು ಬೇರೆ ಕಡೆ ಜೋಡಿಸಬೇಕಿಲ್ಲ, ಬೇಡವಾದರೆ ತೆಗೆದುಬಿಡಬಹುದು. ಚರ್ಮದಡಿ ಕೂರಿಸಿದ ಸಣ್ಣ ಪೋರ್ಟಿಗೆ ಸೂಜಿ ಚುಚ್ಚಿ ಒಂದೆರಡು ಮಿಲಿಲೀಟರ್ ಸಲೈನ್ ಬಿಟ್ಟರೆ ಬ್ಯಾಂಡಿನ ಒಳಗಿನ ಬಲೂನು ಉಬ್ಬಿ ಬಿಗಿ ಹೆಚ್ಚುತ್ತದೆ. ಆಮೇಲೆ ರೋಗಿಯನ್ನು ಎಬ್ಬಿಸಿ ಕೂರಿಸಿ ಒಂದು ಲೋಟ ನೀರು ಕುಡಿಸಿ, ಅದು ಸಲೀಸಾಗಿ ಇಳಿಯಿತೇ ಎಂದು ನೋಡಿ ಮನೆಗೆ ಕಳಿಸುತ್ತಾರೆ. 2011ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬ್ಯಾಂಡಿನದೇ ಆಗಿತ್ತು. ಐದೇ ವರ್ಷದಲ್ಲಿ ಆ ಪಾಲು ಶೇ. 3ರ ಆಸುಪಾಸಿಗೆ ಕುಸಿಯಿತು. ಹೊಸದಾಗಿ ಹಾಕಿಸಿಕೊಳ್ಳುವವರು ಕಡಿಮೆಯಾದರು, ಸರಿ. ಆದರೆ ಹಾಕಿಸಿಕೊಂಡವರ ಹೊಟ್ಟೆಯೊಳಗೆ ಅದು ಇನ್ನೂ ಇದೆ. ಕೆಲಸ ಮಾಡದ ಬ್ಯಾಂಡನ್ನು ತೆಗೆದು ಬೇರೆ ಬಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೇ ಎಂಬುದು ಈಗ ಅವರ ಮುಂದಿರುವ ಪ್ರಶ್ನೆ. ನನ್ನ ಉತ್ತರ ಬಹುಪಾಲು 'ಹೌದು' ಎಂದೇ. ಆದರೆ ಬ್ಯಾಂಡ್ ಯಾಕೆ ಸೋತಿತು ಎಂದು ಪತ್ತೆಹಚ್ಚಿದ ಮೇಲಷ್ಟೇ ಆ ಹೌದಿಗೆ ಬೆಲೆ.

ಸೋಲು ಅಪರೂಪದ್ದಲ್ಲ. ಬ್ರಸೆಲ್ಸಿನ ಒಂದು ತಂಡ ಹನ್ನೆರಡು ವರ್ಷಕ್ಕೂ ಮೀರಿದ ಅನುಭವವನ್ನು 2011ರಲ್ಲಿ ಪ್ರಕಟಿಸಿದಾಗ, ಪರೀಕ್ಷೆಗೆ ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬ್ಯಾಂಡ್ ಆಗಲೇ ಹೊರಬಂದಿತ್ತು. ಶೇ. 28ರಷ್ಟು ಮಂದಿಯಲ್ಲಿ ಅದು ಜಠರದ ಗೋಡೆಯನ್ನೇ ಸವೆಸಿ ಒಳಹೊಕ್ಕಿತ್ತು. ಆ ಅಧ್ಯಯನದಲ್ಲಿ ಹಳೆಯ ರೋಗಿಗಳ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಷ್ಟೇ ಪತ್ತೆಯಾದದ್ದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2017ರಲ್ಲಿ ಅಮೆರಿಕದ ಮೆಡಿಕೇರ್ ವಿಮೆಯ 25 ಸಾವಿರ ಬ್ಯಾಂಡ್ ರೋಗಿಗಳ ಲೆಕ್ಕ ತೆಗೆದಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಅವರಲ್ಲಿ ಶೇ. 18.5ರಷ್ಟು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು, ಅದೂ ಒಬ್ಬೊಬ್ಬರಿಗೆ ಸರಾಸರಿ ನಾಲ್ಕರ ಹತ್ತಿರ. ಬ್ಯಾಂಡಿಗೆಂದು ವಿಮೆ ಕೊಟ್ಟ ಹಣದಲ್ಲಿ ಅರ್ಧದಷ್ಟು ಈ ರಿಪೇರಿಗೇ ಹೋಗಿತ್ತು. ಆಸ್ಟ್ರೇಲಿಯಾದ ಪಾಲ್ ಒಬ್ರಿಯನ್ ತಂಡ ಹದಿನೈದು ವರ್ಷಗಳ ನಂತರವೂ ಒಳ್ಳೆಯ ಫಲ ತೋರಿಸಿದ್ದು ನಿಜ. ಬ್ಯಾಂಡಿನ ಪರ ವಾದಿಸುವವರು ಎತ್ತಿ ಹೇಳುವುದು ಅದನ್ನೇ. ಅಂಥ ನುರಿತ ಕೈಗಳಲ್ಲೂ ಮರುಶಸ್ತ್ರಚಿಕಿತ್ಸೆ ಸಾಮಾನ್ಯವಾಗಿತ್ತು ಎಂಬುದನ್ನು ಮಾತ್ರ ಅವರು ಮೆಲುದನಿಯಲ್ಲಿ ಹೇಳುತ್ತಾರೆ.

'ತಿನ್ನೋದು ಬಿಡದಿದ್ದರೆ ಬ್ಯಾಂಡ್ ಏನು ಮಾಡೀತು' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ, ವೈದ್ಯರ ಬಾಯಲ್ಲೂ. ಅದರಲ್ಲಿ ಅರ್ಧ ಸತ್ಯವಿದೆ. ಬ್ಯಾಂಡ್ ಬಿಗಿಯಾದಾಗ ಮಾಂಸ, ಬ್ರೆಡ್ಡು ಗಂಟಲ ಕೆಳಗೆ ಸಿಕ್ಕಿಕೊಳ್ಳುತ್ತವೆ, ಐಸ್‌ಕ್ರೀಮ್ ಮಾತ್ರ ಸರಾಗವಾಗಿ ಇಳಿಯುತ್ತದೆ. ಹಾಗಿರುವಾಗ ಮನುಷ್ಯ ಯಾವುದರ ಕಡೆ ವಾಲುತ್ತಾನೆ ಎಂದು ಊಹಿಸಲು ಸಂಶೋಧನೆ ಬೇಕಿಲ್ಲ. ಅದನ್ನು ಚಪಲ ಎಂದು ಕರೆಯುವ ಮೊದಲು ಸಾಧನದ ಸ್ವಭಾವವನ್ನು ನೋಡಬೇಕು. ಗೋಣಿಚೀಲದ ಕುತ್ತಿಗೆಗೆ ಹುರಿ ಬಿಗಿದಂತೆ ಬ್ಯಾಂಡ್ ಒಂದು ಕಡೆ ಒತ್ತುತ್ತದೆ, ಕೆಳಗಿನ ಜಠರವೂ ಕರುಳೂ ಮೊದಲಿದ್ದಂತೆಯೇ ಇರುತ್ತವೆ. ತೂಕ ಇಳಿಯತೊಡಗಿದರೆ ದೇಹ ಸುಮ್ಮನಿರುವುದಿಲ್ಲ, ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ. ಪಥ್ಯದಿಂದ ತೂಕ ಇಳಿಸಿದವರಲ್ಲಿ ಅದು ಸುಮಾರು ಕಾಲುಭಾಗದಷ್ಟು ಏರಿದ್ದನ್ನೂ, ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ತೀರಾ ಕೆಳಮಟ್ಟದಲ್ಲಿ ಇದ್ದದ್ದನ್ನೂ ಡೇವಿಡ್ ಕಮಿಂಗ್ಸ್ ತಂಡ 2002ರಲ್ಲೇ ತೋರಿಸಿತ್ತು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲು, ಅಂದರೆ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೇ ಹೊರಹೋಗುತ್ತದೆ. ಬೈಪಾಸಿನಲ್ಲಿ ಆಹಾರ ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಇಳಿದು, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಹಾಗಾಗಿ ಬ್ಯಾಂಡಿನಿಂದ ಈ ಶಸ್ತ್ರಚಿಕಿತ್ಸೆಗಳಿಗೆ ಹೋಗುವುದೆಂದರೆ ಸೋತ ಉಪಾಯವನ್ನೇ ಇನ್ನೊಮ್ಮೆ ಮಾಡಿದಂತಲ್ಲ. ಬ್ಯಾಂಡನ್ನು ತೆಗೆದು ಅಲ್ಲಿಗೇ ನಿಲ್ಲಿಸಿದವರಲ್ಲಿ ತೂಕ ಸಾಮಾನ್ಯವಾಗಿ ಮರಳಿ ಬರುತ್ತದೆ. ಹೊಸ ಬ್ಯಾಂಡ್ ಹಾಕಿದರೆ ಹಳೆಯ ತೊಂದರೆಗಳಿಗೆ ಮತ್ತೆ ಬಾಗಿಲು ತೆರೆದ ಹಾಗೆ.

ಅಪಾಯದ ಮಾತು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಎರಡನೆಯ ಸಲ ಅದೇ ಜಾಗಕ್ಕೆ ಕೈಹಾಕುವುದು ಮೊದಲ ಸಲದಂತಲ್ಲ. ವರ್ಷಗಟ್ಟಲೆ ಇದ್ದ ಸಿಲಿಕೋನಿನ ಸುತ್ತ ದೇಹ ಬೆಳ್ಳಗಿನ, ಗಡಸಾದ ನಾರಿನ ಕವಚ ಕಟ್ಟಿರುತ್ತದೆ. ಯಕೃತ್ತು ಅದಕ್ಕೆ ಅಂಟಿಕೊಂಡಿರುತ್ತದೆ. ಬ್ಯಾಂಡ್ ಜಾರದಿರಲೆಂದು ಹಿಂದಿನ ವೈದ್ಯರು ಜಠರವನ್ನು ಅದರ ಮೇಲೆ ಮಡಚಿ ಹೊಲಿದಿರುತ್ತಾರೆ. ಆ ಮಡಿಕೆಯನ್ನು ಪೂರ್ತಿ ಬಿಚ್ಚದೆ ಸ್ಟೇಪ್ಲರ್ ಓಡಿಸಿದರೆ ಅದು ಇಮ್ಮಡಿ ದಪ್ಪದ ಗೋಡೆಯನ್ನು ಕಚ್ಚಬೇಕಾಗುತ್ತದೆ, ಅಲ್ಲಿ ಸೋರಿಕೆಯ ಭಯ. ಸ್ಲೀವಿನಲ್ಲಿ ಸೋರಿಕೆ ಹೆಚ್ಚಾಗಿ ಕಾಣುವುದು ಜಠರದ ಮೇಲ್ತುದಿಯಲ್ಲಿ, ಬ್ಯಾಂಡಿನ ಗಾಯದ ಕಲೆ ಇರುವುದೂ ಅಲ್ಲೇ. ಮರುಶಸ್ತ್ರಚಿಕಿತ್ಸೆಯಲ್ಲಿ ತೊಡಕು ಹೆಚ್ಚು, ಇಳಿಯುವ ತೂಕವೂ ಮೊದಲ ಸಲವೇ ಬೈಪಾಸ್ ಆದವರಿಗಿಂತ ತುಸು ಕಡಿಮೆ. ಇದನ್ನು ಮುಚ್ಚಿಡಬಾರದು. ಆದರೆ ಸೋತ ಬ್ಯಾಂಡನ್ನು ಹಾಗೇ ಬಿಡುವುದಕ್ಕೂ ಅಪಾಯವಿದೆ. ಜಾರಿದ ಬ್ಯಾಂಡ್ ಜಠರದ ಮೇಲ್ಭಾಗದ ರಕ್ತಸಂಚಾರಕ್ಕೇ ಅಡ್ಡಿಯಾಗಬಹುದು, ತೀರಾ ಬಿಗಿಯಾದದ್ದು ಅನ್ನನಾಳವನ್ನು ಹಿಗ್ಗಿಸಿಬಿಡಬಹುದು.

ಕಾರಣ ಪತ್ತೆಯಾಗಬೇಕೆಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಯಾಂಡ್ ಜಠರದೊಳಗೆ ಕೊರೆದಿದ್ದರೆ ಮೊದಲು ಅದನ್ನು ತೆಗೆದು, ಗಾಯ ಮಾಯಲು ಕೆಲವು ತಿಂಗಳು ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ ಇಡುವುದು ಸುರಕ್ಷಿತ. ಬರೀ ತೂಕ ಇಳಿಯದೆ ಇದ್ದು, ಅಂಗಾಂಶ ಚೆನ್ನಾಗಿದ್ದರೆ ಅನೇಕರು ಒಂದೇ ಸಲಕ್ಕೆ ಎರಡನ್ನೂ ಮುಗಿಸುತ್ತಾರೆ. ಈ ವಿಷಯದಲ್ಲಿ ಶಸ್ತ್ರವೈದ್ಯರಲ್ಲೇ ಒಮ್ಮತವಿಲ್ಲ. ಎದೆಯುರಿ, ಹುಳಿತೇಗು ಜೋರಾಗಿದ್ದರೆ ಸ್ಲೀವ್ ಬೇಡ, ಬೈಪಾಸ್ ಮೇಲು. ಸ್ಲೀವಿನ ಕಿರಿದಾದ ಕೊಳವೆಯೊಳಗಿನ ಒತ್ತಡ ಆಮ್ಲವನ್ನು ಮೇಲಕ್ಕೆ ತಳ್ಳುತ್ತದೆ. ಅನ್ನನಾಳ ಹಿಗ್ಗಿದ್ದರೆ ಅದರ ಚಲನೆಯನ್ನು ಅಳೆದು ನೋಡಬೇಕು. ಬೇರಿಯಂ ಎಕ್ಸ್-ರೇ, ಎಂಡೋಸ್ಕೋಪಿ ಮಾಡದೆ ದಿನಾಂಕ ಗೊತ್ತುಮಾಡುವ ಆಸ್ಪತ್ರೆಯಿಂದ ಎದ್ದುಬರುವುದೇ ವಾಸಿ.

'ಈಗ ಚುಚ್ಚುಮದ್ದೇ ಬಂದಿರುವಾಗ ಮತ್ತೆ ಕತ್ತರಿ ಯಾಕೆ?' ಎಂದು ಕೇಳುವವರಿದ್ದಾರೆ, ಸರಿಯಾದ ಪ್ರಶ್ನೆ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು 68 ವಾರಗಳಲ್ಲಿ ದೇಹತೂಕವನ್ನು ಸರಾಸರಿ ಶೇ. 15ರಷ್ಟು ಇಳಿಸಿದ್ದು 2021ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ದೇಹಸ್ಥಿತಿ ಒಗ್ಗದವರಿಗೆ, ಎರಡು ಹಂತಗಳ ನಡುವೆ ಕಾಯುವವರಿಗೆ ಅದು ಒಳ್ಳೆಯ ಆಸರೆ. ಆದರೆ ಮದ್ದು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವರ್ಷದೊಳಗೆ ಮರಳಿತ್ತು. ಜಾರಿದ ಬ್ಯಾಂಡನ್ನು ಯಾವ ಚುಚ್ಚುಮದ್ದೂ ಸ್ವಸ್ಥಾನಕ್ಕೆ ತರುವುದಿಲ್ಲ.

ಬ್ಯಾಂಡಿನಿಂದ ಬೈಪಾಸಿಗೆ ಬರುವವರು ಒಂದನ್ನು ಹಗುರವಾಗಿ ತೆಗೆದುಕೊಳ್ಳುವ ಸಂಭವ ಹೆಚ್ಚು. ಬ್ಯಾಂಡ್ ಇದ್ದಾಗ ತಿಂದದ್ದು ಕಡಿಮೆಯಾದರೂ ಕರುಳು ಅದನ್ನು ಎಂದಿನಂತೆ ಹೀರಿಕೊಳ್ಳುತ್ತಿತ್ತು. ಬೈಪಾಸ್ ಆದ ಮೇಲೆ ಹಾಗಲ್ಲ, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ. ಬರೀ ಸಸ್ಯಾಹಾರ ತಿನ್ನುವ ನಮ್ಮ ಕಡೆಯವರಲ್ಲಿ ಬಿ12 ಮೊದಲೇ ಕಡಿಮೆ ಇರುವುದುಂಟು. ಅಂಥವರು ಶಸ್ತ್ರಚಿಕಿತ್ಸೆಗೆ ಮುನ್ನವೇ ರಕ್ತಪರೀಕ್ಷೆ ಮಾಡಿಸಿ, ಕೊರತೆ ತುಂಬಿಸಿಕೊಂಡು ಹೋಗಬೇಕು.