ಪಂಪು ಚೀಲದ ತಳದಲ್ಲಿದ್ದರೆ ಏನು ಬಂತು?

“ಶಾಲೆಯಲ್ಲಿ ಯಾರಿಗೂ ಹೇಳಬೇಡ, ಪಂಪು ಯಾರಿಗೂ ತೋರಿಸಬೇಡ.” ಉಬ್ಬಸವಿರುವ ಮಗುವಿಗೆ ಎಷ್ಟೋ ಮನೆಗಳಲ್ಲಿ ಹೀಗೆ ಹೇಳಿಯೇ ಕಳಿಸುತ್ತಾರೆ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಚಿಂತೆ ಬೇರೆ. ಹೆತ್ತವರ ಅಂಜಿಕೆ ಅರ್ಥವಾಗುತ್ತದೆ. ಆದರೆ ದಮ್ಮು ಕಟ್ಟಿದಾಗ ಆ ಮಗು ಉಸಿರಿಗಿಂತ ಮೊದಲು ಗುಟ್ಟಿನ ಬಗ್ಗೆ ಯೋಚಿಸುತ್ತದೆ.

ಈ ಗುಟ್ಟಿನ ಬೇರು ಒಂದು ನಂಬಿಕೆಯಲ್ಲಿದೆ: ಪಂಪು, ಅಂದರೆ ಇನ್‌ಹೇಲರ್, ಚಟವಾಗುತ್ತದೆ, ಅದು ಕೊನೆಯ ಔಷಧ, ಅಲ್ಲಿಯವರೆಗೆ ಮಾತ್ರೆ, ಸಿರಪ್ಪೇ ಒಳ್ಳೆಯದು. ಲೆಕ್ಕ ನೋಡಿ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂ. ಅದು ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಶ್ವಾಸನಾಳ ಮುಟ್ಟಬೇಕು. ದಾರಿಯಲ್ಲಿ ಕೈನಡುಕ, ಎದೆಬಡಿತ. ಇನ್‌ಹೇಲರಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ, ಅಂದರೆ ಚಿಕ್ಕ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ಅದೂ ನೇರ ಶ್ವಾಸನಾಳಕ್ಕೇ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಚಟದ ಪ್ರಶ್ನೆಯೇ ಇಲ್ಲ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದರ್ಥ, ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ದಿನಾ ಎಳೆದುಕೊಳ್ಳುವ ಇನ್ನೊಂದು ಪಂಪು ಉರಿಯೂತ ತಡೆಯಲಿಕ್ಕೆ. ಅದರಲ್ಲಿ ಸ್ಟೆರಾಯ್ಡ್ ಇದೆಯೆಂದು ಕೇಳಿ, ಮಗು ಕುಳ್ಳಾದೀತೆಂದು ನಿಲ್ಲಿಸುವವರಿದ್ದಾರೆ. ಆ ಭಯ ಪೂರ್ತಿ ಸುಳ್ಳಲ್ಲ. ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ದೊಡ್ಡವರಾದಾಗ ಎತ್ತರದಲ್ಲಿ ಸುಮಾರು 1.2 ಸೆಂಟಿಮೀಟರ್ ಕಡಿಮೆ ಕಂಡಿತು. ಅಷ್ಟಕ್ಕೆ ಹೆದರಿ ನಿದ್ದೆಗೆಟ್ಟ ರಾತ್ರಿಗಳನ್ನೂ ಆಸ್ಪತ್ರೆಯ ಓಡಾಟವನ್ನೂ ಮಗುವಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಉಬ್ಬಸ ಅಂಟುರೋಗವಲ್ಲ. ಪಿ.ಟಿ. ಪೀರಿಯಡ್‌ನಲ್ಲಿ ಮೂಲೆಯಲ್ಲಿ ಕೂರಿಸುವುದೂ ಬೇಡ. ಹತೋಟಿಯಲ್ಲಿದ್ದರೆ ಕಬಡ್ಡಿ, ಖೋಖೋ ಎಲ್ಲ ಆಡಬಹುದು. ಮೊದಲು ನಿಧಾನಕ್ಕೆ ಮೈ ಬೆಚ್ಚಗಾಗಿಸಿಕೊಳ್ಳಬೇಕು. ವೈದ್ಯರು ಹೇಳಿದ್ದರೆ ಆಟಕ್ಕೆ 15 ನಿಮಿಷ ಮುಂಚೆ ಪಂಪು. ಮೊದಲ ಬೆಂಚಿನಲ್ಲಿ ಸೀಮೆಸುಣ್ಣದ ಧೂಳು ಕಾಡಿದರೆ ಜಾಗ ಬದಲಿಸಿದರಾಯಿತು.

ಶಿಕ್ಷಕರ ಒಂದು ತಪ್ಪು ಮಾತ್ರ ದುಬಾರಿಯಾಗುತ್ತದೆ: ಏದುಸಿರು ಬಂದವರನ್ನು ಮಲಗಿಸುವುದು. ನೆಟ್ಟಗೆ, ಸ್ವಲ್ಪ ಮುಂದೆ ಬಾಗಿ ಕೂರಿಸಬೇಕು. ಪಂಪು ಕುಲುಕಿ, ಸ್ಪೇಸರ್ ಎಂಬ ಕೊಳವೆಗೆ ಸಿಕ್ಕಿಸಿ, ಒಂದು ಸಲಕ್ಕೆ ಒಂದೇ ಪಫ್; ನಾಲ್ಕೈದು ಉಸಿರಾದ ಮೇಲೆ ಮುಂದಿನದು. ಎಷ್ಟು ಪಫ್ ಎಂಬುದನ್ನು ವೈದ್ಯರಿಂದ ಬರೆಸಿದ ಚೀಟಿ ಶಾಲೆಯಲ್ಲಿರಲಿ. ಸುಂಯ್‌ಗುಡುವ ಸದ್ದು ನಿಂತಿತೆಂದು ನಿರಾಳರಾಗಬೇಡಿ. ಗಾಳಿಯೇ ಆಡದಷ್ಟು ಕಟ್ಟಿಕೊಂಡಾಗಲೂ ಸದ್ದು ನಿಲ್ಲುತ್ತದೆ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಪಂಪಿಗೂ ಬಗ್ಗದಿದ್ದರೆ ತಕ್ಷಣ 108.

ದಮ್ಮು ಕಟ್ಟಿದಾಗ ಮಾತು ಬರುವುದಿಲ್ಲ. ಹಾಗಾಗಿ ಜೂನ್‌ನಲ್ಲಿ ಶಾಲೆ ಶುರುವಾಗುತ್ತಲೇ ಅಮ್ಮ, ಟೀಚರ್, ಮಗು ಮೂವರೂ ಕೂತು ಒಂದು ಸನ್ನೆ ಗೊತ್ತುಮಾಡಿಕೊಳ್ಳಲಿ. ಎದೆಯ ಮೇಲೆ ಅಂಗೈ ಇಟ್ಟರೆ ಸಾಕು, “ಮಿಸ್, ಹೋಗ್ಲಾ?” ಎಂದು ಕೇಳಬೇಕಾಗಿಲ್ಲ.