ನ್ಯಾಯಾಲಯಕ್ಕೊಂದು ಪ್ರಯೋಗಶಾಲೆ

ಭಾರತದಲ್ಲಿ ಅಪರಾಧ ಪರೀಕ್ಷೆಯ ಸರಕಾರಿ ಪ್ರಯೋಗಶಾಲೆಗಳ ಇತಿಹಾಸವು ವಿಷದಿಂದ ಮೊದಲಾಗುತ್ತದೆ. 1849ರಲ್ಲಿ ಮದರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಅನಂತರ ಕಲ್ಕತ್ತ, ಆಗ್ರಾ, ಮುಂಬಯಿಗಳಲ್ಲಿಯೂ ಅಂತಹವೇ ಬಂದುವು. ಮೃತನ ಜಠರದಲ್ಲಿ ವಿಷವಿದೆಯೆ ಎಂಬುದನ್ನು ತಿಳಿಸುವುದೇ ಅವುಗಳ ಮುಖ್ಯ ಕಾರ್ಯ. ಬಿಳಿಯ ಪಾಷಾಣ, ಎಂದರೆ ಆರ್ಸೆನಿಕ್ಕಿನ ಆಕ್ಸೈಡ್, ರುಚಿಯಿಲ್ಲದ ಪುಡಿ. ಅನ್ನದಲ್ಲಿ ಬೆರೆತರೆ ತಿಳಿಯದು. ಅದರ ಬಾಧೆಯಾದರೋ ವಾಂತಿಭೇದಿಯಂತೆಯೇ ತೋರುವುದರಿಂದ, ಕೊಲೆಯು ಕಾಲರಾ ಎಂಬ ಹೆಸರಿನಲ್ಲಿ ಮುಚ್ಚಿಹೋಗಬಹುದಾಗಿತ್ತು.

ಇದನ್ನು ಬಯಲಿಗೆಳೆಯುವ ಉಪಾಯವನ್ನು 1836ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಜೇಮ್ಸ್ ಮಾರ್ಷ್. ಅದಕ್ಕೆ ಮುಂಚೆ ಒಂದು ಮೊಕದ್ದಮೆಯಲ್ಲಿ ಅವನು ಪಾಷಾಣವನ್ನು ಪತ್ತೆಮಾಡಿದ್ದರೂ, ದೊರೆತ ಪದಾರ್ಥವು ಜ್ಯೂರಿಯ ಮುಂದೆ ಬರುವ ವೇಳೆಗೆ ಕೆಟ್ಟುಹೋಗಿ, ಆರೋಪಿಯು ಬಿಡುಗಡೆ ಹೊಂದಿದ್ದನು. ಹೊಸ ವಿಧಾನದಲ್ಲಿ ಸಂಶಯದ ವಸ್ತುವನ್ನು ಸತುವು ಮತ್ತು ಸಾರಗುಂದಿಸಿದ ಗಂಧಕಾಮ್ಲದೊಡನೆ ಸೇರಿಸುತ್ತಾರೆ. ಹೊರಡುವ ಜಲಜನಕವು ಆರ್ಸೆನಿಕ್ಕನ್ನು ಅನಿಲರೂಪದಲ್ಲಿ ಒಯ್ಯುತ್ತದೆ. ಗಾಜಿನ ನಳಿಕೆಯನ್ನು ಕಾಯಿಸಿದರೆ ಅದರೊಳಗೆ ಕಪ್ಪಾಗಿ ಹೊಳೆಯುವ ಕನ್ನಡಿಯಂತಹ ಲೇಪವು ಕಟ್ಟುತ್ತದೆ. ಆದರೆ ಬಳಸಿದ ಸತುವಿನಲ್ಲಿಯೇ ಆರ್ಸೆನಿಕ್ ಕಲ್ಮಷವಾಗಿದ್ದರೆ? ಆಗ ನಿರಪರಾಧಿಯು ಗಲ್ಲಿಗೇರಬಹುದು. ಆದಕಾರಣ ಸಂಶಯದ ವಸ್ತುವನ್ನು ಹಾಕದೆ ಬರಿಯ ಸತುವು, ಆಮ್ಲಗಳಿಂದಲೇ ಮೊದಲು ಪ್ರಯೋಗ ನಡೆಸಿ, ಲೇಪ ಕಟ್ಟುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿದ್ಯಾರ್ಥಿಗಳು ಬೇಸರದಿಂದ ಮಾಡುವ ‘ಖಾಲಿ ಪ್ರಯೋಗ’ಕ್ಕೆ ಇಷ್ಟು ಬೆಲೆಯುಂಟು.

ವಿಷದ ಜೊತೆಗೆ ಗುಂಡು, ರಕ್ತ, ಬರಹ, ಬಣ್ಣ ಮುಂತಾದುವನ್ನೂ ಒಂದೇ ಸೂರಿನಡಿ ಪರೀಕ್ಷಿಸುವ ರಾಜ್ಯ ಪ್ರಯೋಗಶಾಲೆಯು 1952ರಲ್ಲಿ ಕಲ್ಕತ್ತೆಯಲ್ಲಿಯೂ, ಕೇಂದ್ರ ಪ್ರಯೋಗಶಾಲೆಯು 1957ರಲ್ಲಿ ಅಲ್ಲಿಯೇ ಪ್ರಾರಂಭವಾದುವು. ಕರ್ನಾಟಕದ್ದು ಬೆಂಗಳೂರಿನ ಮಡಿವಾಳದಲ್ಲಿದೆ.

ನಾವು ಭೌತಶಾಸ್ತ್ರದವರಾದುದರಿಂದ ಗಾಜಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕೆನಿಸುತ್ತದೆ. ಕಿಟಕಿಯನ್ನೊಡೆದು ಒಳನುಗ್ಗಿದವನ ಅಂಗಿಯಲ್ಲಿ ಅತಿ ಸಣ್ಣ ಚೂರುಗಳು ಸಿಕ್ಕಿಕೊಂಡಿರಬಹುದು. ಅಂತಹ ಚೂರೊಂದನ್ನು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿ, ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಮೆಲ್ಲಮೆಲ್ಲನೆ ಕಾಯಿಸುತ್ತಾರೆ. ಉಷ್ಣತೆಯು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಎಣ್ಣೆಯ ವಕ್ರೀಭವನಾಂಕವು ಸುಮಾರು 0.0004ರಷ್ಟು ಇಳಿಯುತ್ತದೆ, ಗಾಜಿನದು ಬಹುಮಟ್ಟಿಗೆ ಬದಲಾಗದು. ಎರಡೂ ಸಮವಾದ ಕ್ಷಣದಲ್ಲಿ ಬೆಳಕು ಬಾಗದೆ ಸಾಗುವುದರಿಂದ ಚೂರಿನ ಅಂಚು ಮಾಯವಾಗುತ್ತದೆ. ಗ್ಲಿಸರಿನ್ನಿನಲ್ಲಿ ಅದ್ದಿದ ಬೋರೋಸಿಲಿಕೇಟ್ ಗಾಜಿನ ಕಡ್ಡಿಯು ಕಾಣದಂತಾಗುವುದನ್ನು ವಾಚಕರು ಕಾಲೇಜಿನಲ್ಲಿ ನೋಡಿರಬಹುದು, ತತ್ತ್ವ ಅದೇ. ಅಂಕಗಳು ಹೊಂದದಿದ್ದರೆ ಚೂರು ಆ ಕಿಟಕಿಯದಲ್ಲ. ಹೊಂದಿದರೆ? ಅಂತಹ ಗಾಜು ಊರಿನ ಎಷ್ಟು ಕಿಟಕಿಗಳಲ್ಲಿದೆಯೆಂಬ ಪ್ರಶ್ನೆ ಉಳಿದೇ ಇರುತ್ತದೆ. ಇದನ್ನು ಮರೆತ ತಜ್ಞನಿಂದ ನ್ಯಾಯಾಲಯಕ್ಕೆ ಅಪಕಾರವೇ ಹೆಚ್ಚು.

ಪ್ರಯೋಗಶಾಲೆಯೆಂದರೆ ಪೋಲೀಸರ ಕೈಗೋಲೆಂದು ಬಗೆಯುವವರುಂಟು. 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ಇಬ್ಬರು ಹುಡುಗಿಯರ ಕೊಲೆಗಳ ತನಿಖೆ ನಡೆದಿತ್ತು. 17 ವರ್ಷದ ಹುಡುಗನೊಬ್ಬನು ಒಂದು ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡಿದ್ದನು. ಅಲೆಕ್ ಜೆಫ್ರಿಸ್ ಅವರ ಡಿ.ಎನ್.ಎ. ಪರೀಕ್ಷೆಯು ಎರಡೂ ಕೃತ್ಯಗಳನ್ನೆಸಗಿದವನು ಒಬ್ಬನೇ ಎಂದೂ, ಅವನು ಈ ಹುಡುಗನಲ್ಲವೆಂದೂ ತೋರಿಸಿತು. ಆ ಪರೀಕ್ಷೆಯು ಮೊದಲು ಬಿಡಿಸಿದ್ದು ನಿರಪರಾಧಿಯನ್ನು. ಅಪರಾಧಿಯು ಸಿಕ್ಕಿದುದು ಮರುವರ್ಷ.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ತಜ್ಞನು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸುತ್ತದೆ. ಇದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶವಿದೆ. ಅಷ್ಟರೊಳಗೆ ಆ ತಜ್ಞರೆಲ್ಲ ಸಿದ್ಧರಾಗಬೇಕು.