ಅಲ್ಪಾಕಾವನ್ನು ಉಳಿಸಿದ ಮನೆಗಳು

ಅಲ್ಪಾಕಾ ಮರಿ ಹಾಕುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಗಿನಿಂದ ಮಧ್ಯಾಹ್ನದೊಳಗೆ. ರಾತ್ರಿ ಈಯುವುದು ತೀರ ಅಪರೂಪ. ಅದಕ್ಕೆ ಕಾರಣ ಅದು ಹುಟ್ಟಿ ಬೆಳೆದ ನೆಲದಲ್ಲೇ ಇದೆ. ಪೆರು ದೇಶದ ಆಂಡೀಸ್ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ 4,000 ಮೀಟರ್‌ಗೂ ಮೇಲೆ, ಮರವೇ ಇಲ್ಲದ ಹುಲ್ಲುಗಾವಲಿದೆ. ಅಲ್ಲಿಯವರು ಅದನ್ನು ಪುನಾ ಎನ್ನುತ್ತಾರೆ. ಹೊತ್ತು ಮುಳುಗಿದರೆ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹಸು ಕರುವನ್ನು ನೆಕ್ಕುವಂತೆ ತನ್ನ ಮರಿಯನ್ನು ನೆಕ್ಕಿ ಒಣಗಿಸಲು ತಾಯಿ ಅಲ್ಪಾಕಾಕ್ಕೆ ಆಗದು. ಅದರ ನಾಲಿಗೆ ಬಾಯಿಂದಾಚೆ ಅಷ್ಟು ಚಾಚುವುದಿಲ್ಲ. ಒದ್ದೆ ಮೈ ಆರುವುದು ಬಿಸಿಲಿಗೆ ಮತ್ತು ಗಾಳಿಗೆ. ಸಂಜೆಯೊಳಗೆ ಮೈ ಒಣಗಿ, ಕಾಲೂರಿ ನಿಂತು, ಗಿಣ್ಣು ಹಾಲು ಕುಡಿದ ಮರಿ ಮಾತ್ರ ಮರುದಿನದ ಬೆಳಗು ಕಾಣುತ್ತದೆ.

ಸಾವಿರಾರು ವರ್ಷ ಈ ಚಳಿಯಲ್ಲಿ ಬಾಳಿ ಬಂದ ಪ್ರಾಣಿ ಈಗ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳ ಪುಟ್ಟ ಕುಟುಂಬ ಫಾರ್ಮುಗಳಲ್ಲೂ ಇದೆ. ಅಲ್ಲಿಯೂ ಅದು ಬೆಳಗಿನ ಹೊತ್ತೇ ಈಯುತ್ತದೆ. ಗಬ್ಬದ ದಿನ ತುಂಬಿದ ಅಲ್ಪಾಕಾ ಇರುವ ಮನೆಯವರು ಬೆಳಗ್ಗೆ ಎಲ್ಲಿಗೂ ಹೊರಡುವುದಿಲ್ಲ. ಬೆಟ್ಟದ ನೆತ್ತಿಯ ಈ ಜೀವ ಸಣ್ಣ ಹಿಡುವಳಿಯ ಹಿತ್ತಿಲಿಗೆ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಅರಸರು, ಗಿರಣಿ ಮಾಲೀಕರು, ಕಳ್ಳಸಾಗಣೆದಾರರು, ಹರಾಜುಗಾರರು ಎಲ್ಲರೂ ಎದುರಾಗುತ್ತಾರೆ. ಅವರೆಲ್ಲ ಬಂದು ಹೋದರು. ಇದನ್ನು ಉಳಿಸಿಕೊಂಡದ್ದು ಮಾತ್ರ ಪ್ರತಿ ಬಾರಿಯೂ ಐವತ್ತು ನೂರು ಪ್ರಾಣಿ ಇಟ್ಟುಕೊಂಡ ಸಣ್ಣ ಕುಟುಂಬಗಳೇ.

ಮೊದಲು ಪಳಗಿಸಿದವರೂ ಅಂಥವರೇ ಇರಬೇಕು. ಪೆರುವಿನ ಹೂನಿನ್ ಪ್ರಾಂತ್ಯದಲ್ಲಿ ತೆಲಾರ್ಮಚಾಯ್ ಎಂಬ ಕಲ್ಲಾಸರೆಯಿದೆ. ಅಲ್ಲಿ ಅಗೆದಾಗ ಸುಮಾರು ಆರು ಸಾವಿರ ವರ್ಷಗಳ ಹಿಂದಿನ ಪದರಗಳಲ್ಲಿ ಎಳೆ ಮರಿಗಳ ಮೂಳೆಗಳು ರಾಶಿರಾಶಿಯಾಗಿ ಸಿಕ್ಕವು. ಬೇಟೆಯಾಡಿ ತಂದ ಪ್ರಾಣಿಗಳ ಮೂಳೆಯಲ್ಲಿ ಇಷ್ಟೊಂದು ಹಸುಗೂಸುಗಳು ಇರುವುದಿಲ್ಲ. ಪ್ರಾಣಿಗಳನ್ನು ಒಂದೇ ಕಡೆ ಕೂಡಿಹಾಕಿದಾಗ ರೊಪ್ಪದ ಕೊಳಕಿನಿಂದ ರೋಗ ಹಬ್ಬಿ ಮರಿಗಳು ಸಾಯುತ್ತವೆ. ಇಂದಿಗೂ ಪುನಾದ ಕುಟುಂಬಗಳಿಗೆ ಕಣ್ಣೀರು ತರಿಸುವುದು ಇದೇ ರೋಗ. ಮೊತ್ತಮೊದಲ ಸಾಕಣೆಯ ಗುರುತು ಸತ್ತ ಮರಿಗಳ ಮೂಳೆಯಲ್ಲಿ ಸಿಕ್ಕಿತು ಎಂಬುದನ್ನು ಕುರಿ ಸಾಕಿದ ಯಾರೇ ಆದರೂ ಓದಿ ಸುಮ್ಮನೆ ಮುಂದೆ ಹೋಗಲಾರರು.

ಈ ಮೂಳೆಗಳನ್ನು ಓದಿದವರಲ್ಲಿ ಮುಖ್ಯರು ಪುರಾತತ್ವಜ್ಞೆ ಜೇನ್ ವೀಲರ್. ಅಲ್ಪಾಕಾ ಯಾವ ಕಾಡುಪ್ರಾಣಿಯಿಂದ ಬಂತು ಎಂಬ ಬಗ್ಗೆ ಬಹುಕಾಲ ಗೊಂದಲವಿತ್ತು. ವೀಲರ್ ಮತ್ತು ಸಂಗಡಿಗರ ಡಿಎನ್‌ಎ ಅಧ್ಯಯನ 2001ರಲ್ಲಿ ಅದನ್ನು ಬಗೆಹರಿಸಿತು: ಅಲ್ಪಾಕಾದ ಮೂಲ ವಿಕೂನ್ಯಾ, ಹೊರೆ ಹೊರುವ ಲಾಮಾದ ಮೂಲ ಗ್ವಾನಾಕೊ. ವಿಕೂನ್ಯಾ ತೆಳು ಮೈಯ, ನಾಚಿಕೆಯ ಕಾಡುಪ್ರಾಣಿ. ಅದರ ತುಪ್ಪಟದಷ್ಟು ನಯವಾದ ಉಣ್ಣೆ ಜಗತ್ತಿನಲ್ಲಿ ಹೆಚ್ಚಿಲ್ಲ. ಆ ನಯವನ್ನು ಕಳೆದುಕೊಳ್ಳದೆ, ಕೂದಲು ಉದ್ದವಾಗಿ ದಟ್ಟವಾಗಿ ಬೆಳೆಯುವಂತೆ ತಲೆಮಾರುಗಳ ಕಾಲ ಆರಿಸಿ ಆರಿಸಿ ತಳಿ ಮಾಡಿದ್ದರ ಫಲ ಅಲ್ಪಾಕಾ.

ಆ ಕೆಲಸ ಎಷ್ಟು ಎತ್ತರಕ್ಕೆ ಹೋಗಿತ್ತು ಎಂಬುದಕ್ಕೆ ದಕ್ಷಿಣ ಪೆರುವಿನ ಎಲ್ ಯರಾಲ್ ಸಾಕ್ಷಿ. ಅಲ್ಲಿ ಸಾವಿರ ವರ್ಷಗಳ ಹಿಂದೆ ಬಲಿಕೊಟ್ಟು ಮನೆಗಳ ನೆಲದಡಿ ಹೂತಿದ್ದ ಅಲ್ಪಾಕಾ, ಲಾಮಾಗಳ ದೇಹಗಳು ಮರುಭೂಮಿಯ ಒಣಹವೆಯಲ್ಲಿ ಕೂದಲ ಸಮೇತ ಉಳಿದುಬಂದಿವೆ. ಅವುಗಳ ಉಣ್ಣೆಯನ್ನು ಅಳೆದಾಗ ಇಂದಿನ ಸಾಮಾನ್ಯ ಅಲ್ಪಾಕಾಗಳದ್ದಕ್ಕಿಂತ ನಯವಾಗಿತ್ತು, ಎಳೆಗಳು ಒಂದೇ ಸಮನಾಗಿದ್ದವು. ಇಂಕಾ ಅರಸರ ಕಾಲಕ್ಕೆ ಈ ಜ್ಞಾನ ರಾಜ್ಯದ ಸೊತ್ತಾಯಿತು. ಅರಮನೆಗೆ ಬೇರೆ ಹಿಂಡು, ಗುಡಿಗೆ ಬೇರೆ ಹಿಂಡು. ಲೆಕ್ಕವೆಲ್ಲ ಕಿಪು ಎಂಬ ಗಂಟುಹಗ್ಗದಲ್ಲಿ. ಆ ಉಣ್ಣೆಯಿಂದ ನೇಯ್ದ ಕುಂಬಿ ಬಟ್ಟೆಯನ್ನು ಅರಸರು ಬಂಗಾರಕ್ಕಿಂತ ದೊಡ್ಡ ಉಡುಗೊರೆಯೆಂದು ಕೊಡುತ್ತಿದ್ದರು.

1532ರಲ್ಲಿ ಸ್ಪೇನಿನವರು ಬಂದರು. ಯುದ್ಧ, ರೋಗ, ಮಾಂಸಕ್ಕಾಗಿ ಕಡಿತ. ನೂರು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಭಾಗ ಪ್ರಾಣಿಗಳು ಅಳಿದವು ಎಂಬ ಅಂದಾಜಿದೆ. ಅವುಗಳೊಡನೆ ಜನರೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಅಳಿದರು. ಕಿಪು ಓದುವವರು ಹೋದರು, ತಳಿ ಬಲ್ಲವರು ಹೋದರು. ತಗ್ಗಿನ ಹುಲ್ಲುಗಾವಲುಗಳಿಗೆ ಸ್ಪೇನಿನ ಕುರಿಗಳು ಬಂದವು. ಮಿಕ್ಕ ಅಲ್ಪಾಕಾಗಳನ್ನು ಹೊಡೆದುಕೊಂಡು ಬಡ ಕುಟುಂಬಗಳು, ಪರದೇಶದ ಕುರಿ ಕುದುರೆಗಳು ಉಸಿರಾಡಲು ಕಷ್ಟಪಡುವ ಎತ್ತರಕ್ಕೆ ಹತ್ತಿ ಹೋದವು. ತೆಳುಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ರಕ್ತ ಅಲ್ಪಾಕಾಕ್ಕಿತ್ತು, ಹಾಗಾಗಿ ಬದುಕಿತು. ಆದರೆ ಹಿಂಡುಗಳು ಬೆರೆತವು. ಇಂದಿನ ಬಹುಪಾಲು ಅಲ್ಪಾಕಾಗಳ ರಕ್ತದಲ್ಲಿ ಲಾಮಾದ ಬೆರಕೆಯಿರುವುದು, ಉಣ್ಣೆ ಒರಟಾದದ್ದು ಆ ಒಡೆದುಹೋದ ಕಾಲದ ಗುರುತು ಎನ್ನುತ್ತಾರೆ ವೀಲರ್.

ಮುಂದಿನ ಮುನ್ನೂರು ವರ್ಷ ಹೊರಜಗತ್ತು ಈ ಉಣ್ಣೆಯನ್ನು ಕೇಳಿದ್ದೇ ಕಡಿಮೆ. 1836ರಲ್ಲಿ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬ ಉಣ್ಣೆ ವ್ಯಾಪಾರಿಗೆ ಲಿವರ್‌ಪೂಲಿನ ಗೋದಾಮೊಂದರಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಸುಮಾರು 300 ಮೂಟೆ ಅಲ್ಪಾಕಾ ಉಣ್ಣೆ ಕಣ್ಣಿಗೆ ಬಿತ್ತು. ಹತ್ತಿಯ ಹಾಸಿಗೆ ಅಲ್ಪಾಕಾದ ಹೊಕ್ಕು ಹಾಕಿ ಆತ ನೇಯಿಸಿದ ಬಟ್ಟೆ ಹಗುರ, ಹೊಳಪು, ಗಟ್ಟಿಮುಟ್ಟು. 1844ರಲ್ಲಿ ವಿಕ್ಟೋರಿಯಾ ರಾಣಿಯೇ ವಿಂಡ್ಸರ್‌ನಲ್ಲಿದ್ದ ತನ್ನ ಎರಡು ಅಲ್ಪಾಕಾಗಳ ಉಣ್ಣೆಯನ್ನು ನೇಯಲು ಕಳಿಸಿದಳು. 1853ರಲ್ಲಿ, ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಸಾಲ್ಟ್ ಏರ್ ನದಿಯ ದಂಡೆಯಲ್ಲಿ ಭಾರಿ ಗಿರಣಿ ತೆರೆದ. ಕೆಲಸಗಾರರಿಗಾಗಿ ಅದರ ಸುತ್ತ ಕಟ್ಟಿಸಿದ ಊರು ಸಾಲ್ಟೇರ್ ಈಗ ವಿಶ್ವಪರಂಪರೆಯ ತಾಣ. ನಮ್ಮ ದೇಶದ ಹಳೆಯ ತಲೆಮಾರಿನ ವಕೀಲರು, ಗುಮಾಸ್ತರು ತೊಡುತ್ತಿದ್ದ ಕರಿಯ ಅಲ್ಪಾಕಾ ಕೋಟಿನ ಬೇರೂ ಈ ಯಾರ್ಕ್‌ಷೈರ್ ಮಗ್ಗಗಳಲ್ಲೇ ಇದೆ. ಬೇಸಿಗೆಯಲ್ಲೂ ಹಾಕಿಕೊಳ್ಳಬಹುದಾದ ತೆಳು ಕೋಟು ಅದು. ಹಾಕಿಕೊಂಡವರಲ್ಲಿ ಎಷ್ಟು ಮಂದಿಗೆ ಅದು ಒಂದು ಪ್ರಾಣಿಯ ಹೆಸರೆಂದು ಗೊತ್ತಿತ್ತೋ!

ಬೇಡಿಕೆ ಬಂದೊಡನೆ ಪುನಾದ ಬಡವರಿಗೆ ಒಳ್ಳೆಯದಾಯಿತೇ? ಇಲ್ಲ. ಅರೆಕಿಪಾ ನಗರದ ರಫ್ತು ಮಳಿಗೆಗಳು ಬೆಳೆದವು, ಪುನೊ ಸೀಮೆಯಲ್ಲಿ ಜಮೀನ್ದಾರಿ ಎಸ್ಟೇಟುಗಳು ಸಮುದಾಯದ ಹುಲ್ಲುಗಾವಲುಗಳನ್ನು ನುಂಗುತ್ತ ಹೋದವು. 1915ರಲ್ಲಿ ಅಸಾಂಗಾರೊದಲ್ಲಿ ರೈತರು ದಂಗೆ ಎದ್ದರು. ನೆಲ ಹಿಂದಕ್ಕೆ ಬರಲು 1969ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ಅದು ಮೊದಲು ಹೋದದ್ದು ಸರ್ಕಾರ ಕಟ್ಟಿದ ದೊಡ್ಡ ಸಹಕಾರ ಸಂಘಗಳಿಗೆ, ಆಮೇಲೆ ಹಳ್ಳಿಯ ಸಮುದಾಯಗಳಿಗೆ.

ಸಾಲ್ಟನ ಕಾಲದಲ್ಲೇ ಪೆರು ಜೀವಂತ ಅಲ್ಪಾಕಾಗಳನ್ನು ಹೊರದೇಶಕ್ಕೆ ಸಾಗಿಸಕೂಡದೆಂದು ನಿಷೇಧಿಸಿತ್ತು. ಅದನ್ನು ಮುರಿದವನು ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿ. ವರ್ಷಗಟ್ಟಲೆ ಗುಟ್ಟಾಗಿ ಬೆಟ್ಟಗಳ ಮೇಲೆ ಹಿಂಡು ಹೊಡೆದುಕೊಂಡು ಹೋಗಿ, ಚಿಲಿಯಿಂದ ಹಡಗು ಹತ್ತಿಸಿ, 1858ರಲ್ಲಿ 250ಕ್ಕೂ ಹೆಚ್ಚು ಪ್ರಾಣಿಗಳನ್ನು ಸಿಡ್ನಿಯಲ್ಲಿ ಇಳಿಸಿದ. ಜೊತೆಗೆ ದಕ್ಷಿಣ ಅಮೆರಿಕದ ಕುರುಬರನ್ನೂ ಕರೆತಂದಿದ್ದ. ಕೆಲವೇ ವರ್ಷಗಳಲ್ಲಿ ಅಲ್ಲಿನ ಸರ್ಕಾರದ ಉತ್ಸಾಹ ಇಳಿಯಿತು, ಹಿಂಡು ಚದುರಿತು. ಮಲೇರಿಯಾದ ಮದ್ದಿಗೆ ಬೇಕಾದ ಸಿಂಕೋನಾದ ಶ್ರೇಷ್ಠ ತಳಿಯ ಬೀಜ ಹೊರಗೆ ಹೋದದ್ದೂ ಇದೇ ಲೆಡ್ಜರನ ಮೂಲಕ. ಆ ಬೀಜ ಹುಡುಕಿ ಕೂಡಿಕೊಟ್ಟ ಮ್ಯಾನುಯೆಲ್ ಇಂಕ್ರಾ ಮಾಮಾನಿ ಅದೇ ತಪ್ಪಿಗೆ ಸೆರೆ ಸಿಕ್ಕಿ, ಏಟು ತಿಂದು ಸತ್ತ. ಮರದ ತಳಿಗೆ ಲೆಡ್ಜರನ ಹೆಸರಿದೆ. ಮಾಮಾನಿಯ ಹೆಸರನ್ನು ನಾವಾದರೂ ನೆನೆಯೋಣ.

ಅಲ್ಪಾಕಾ ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1984ರಿಂದ, ಮೊದಲು ಚಿಲಿಯಿಂದ. ತಳಿ ನೋಂದಣಿ ಪುಸ್ತಕ ಆರಂಭವಾಯಿತು. 1998ರ ಕೊನೆಗೆ ಹೊರದೇಶದ ಪ್ರಾಣಿಗಳಿಗೆ ಆ ಪುಸ್ತಕವನ್ನು ಮುಚ್ಚಿದರು. ಪ್ರಾಣಿ ವಿರಳ, ಕೊಳ್ಳುವವರು ಹಲವರು. ಹರಾಜಿನಲ್ಲಿ ಒಳ್ಳೆಯ ಹೆಣ್ಣು ಅಲ್ಪಾಕಾ 20,000 ಡಾಲರ್ ದಾಟುವುದು ವಿಶೇಷವಾಗಿರಲಿಲ್ಲ. ನಿವೃತ್ತರು, ನಗರ ಬಿಟ್ಟು ಹಳ್ಳಿ ಸೇರಬಯಸಿದ ದಂಪತಿಗಳು ಉಳಿತಾಯವನ್ನೆಲ್ಲ ಇದರಲ್ಲಿ ಹಾಕಿದರು. ಆದರೆ ಒಂದು ಅಲ್ಪಾಕಾ ವರ್ಷಕ್ಕೆ ಕೊಡುವುದು ಎರಡು ಮೂರು ಕಿಲೋ ಉಣ್ಣೆ. ಆ ಉಣ್ಣೆಯ ಹಣಕ್ಕೂ ಈ ಬೆಲೆಗೂ ತಾಳೆಯೇ ಇರಲಿಲ್ಲ. ಮಾರುವವರಿಗೆ ಲಾಭ ಬರುತ್ತಿದ್ದದ್ದು ಇನ್ನೊಬ್ಬ ಹೊಸ ಸಾಕಣೆಗಾರನಿಂದ, ಅವನಿಗೆ ಮತ್ತೊಬ್ಬನಿಂದ. ಕ್ಯಾಲಿಫೋರ್ನಿಯಾದ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್ 2007ರಲ್ಲಿ ಇದನ್ನು ಬರೀ ಸಟ್ಟಾ ಗುಳ್ಳೆ ಎಂದು ಲೆಕ್ಕ ಸಮೇತ ಬರೆದರು. ಮರುವರ್ಷದ ಆರ್ಥಿಕ ಕುಸಿತದೊಡನೆ ಗುಳ್ಳೆ ಒಡೆಯಿತು. ಸಾವಿರಾರು ಡಾಲರಿನ ಪ್ರಾಣಿಗಳನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲದಾಯಿತು.

ಹಣಕ್ಕಾಗಿ ಬಂದವರು ಬಿಟ್ಟುಹೋದ ಮೇಲೂ ಅಲ್ಪಾಕಾದೊಡನೆ ಬದುಕುವುದು ಒಗ್ಗಿದವರು ಉಳಿದರು. ಅವರ ದಿನಚರಿಯನ್ನು ನೋಡಿದರೆ ಯಾಕೆಂದು ತಿಳಿಯುತ್ತದೆ. ಬೆಳಗ್ಗೆ ನೀರು ಬದಲಿಸಿ, ಒಣಹುಲ್ಲು ಹಾಕಿ, ಹಿಕ್ಕೆ ಬಾಚುವುದು. ಇಡೀ ಹಿಂಡು ಒಂದೆರಡು ಗೊತ್ತಾದ ಜಾಗದಲ್ಲೇ ಹಿಕ್ಕೆ ಹಾಕುವುದರಿಂದ ಈ ಕೆಲಸ ಬೇಗ ಮುಗಿಯುತ್ತದೆ. ಆ ಗೊಬ್ಬರ ನೇರವಾಗಿ ತರಕಾರಿ ಪಾತಿಗೆ ಹೋಗುತ್ತದೆ. ಗೊರಸಿನ ಬದಲು ಮೆತ್ತನೆ ಅಂಗಾಲಿರುವುದರಿಂದ ಹುಲ್ಲುನೆಲ ಕಿತ್ತುಬರುವುದಿಲ್ಲ. ಉಗುರು ಬೆಳೆದರೆ ಕತ್ತರಿಸಬೇಕು. ಚಳಿಗಾಲದಲ್ಲಿ ಬಿಸಿಲಿಲ್ಲದ ನಾಡುಗಳಲ್ಲಿ ಮರಿಗಳಿಗೆ ಡಿ ಜೀವಸತ್ವ ಕೊಡದಿದ್ದರೆ ಕಾಲು ಸೊಟ್ಟಗಾಗುತ್ತದೆ, ಏಕೆಂದರೆ ಇವು ಆಂಡೀಸಿನ ಉರಿಬಿಸಿಲಿಗೆ ಹುಟ್ಟಿದ ಮೈಗಳು. ಅಮೆರಿಕದ ಪೂರ್ವಭಾಗದಲ್ಲಿ ಜಿಂಕೆಯಿಂದ ಬರುವ ಒಂದು ಹುಳು ಬೆನ್ನುಹುರಿಗೆ ಹತ್ತಿ ಕೊಲ್ಲುತ್ತದೆ. ಅಲ್ಲಿಯವರು ತಿಂಗಳು ತಿಂಗಳೂ ಚುಚ್ಚುಮದ್ದು ಕೊಡುತ್ತಾರೆ.

ಅಲ್ಪಾಕಾಗಳು ಸದಾ ‘ಹೂಂ’ ಎಂದು ಮೂಗಿನಲ್ಲಿ ಗುನುಗುತ್ತವೆ. ತಾಯಿ ಮರಿಗೆ ಗುನುಗುತ್ತದೆ, ಹಿಂಡಿನಿಂದ ಅಗಲಿಸಿದರೆ ಕಳವಳದಿಂದ ಗುನುಗುತ್ತದೆ. ಒಂಟಿಯಾಗಿಟ್ಟರೆ ಕೊರಗಿ ಮೇವು ಬಿಡುತ್ತದೆ. ಗಂಡನ್ನು ಹತ್ತಿರ ಬಿಟ್ಟಾಗ ಹೆಣ್ಣು ಉಗಿದು ಒದ್ದು ಓಡಿಸಿದರೆ ಗಬ್ಬ ನಿಂತಿದೆ ಎಂದರ್ಥ. ಪುನಾದ ಮುದುಕಿಯೂ ಅಮೆರಿಕದ ಪಶುವೈದ್ಯನೂ ನಂಬುವ ಪರೀಕ್ಷೆ ಇದು. ಗಬ್ಬ ಹನ್ನೊಂದು ತಿಂಗಳು ದಾಟುತ್ತದೆ, ಈದ ಎರಡು ಮೂರು ವಾರಕ್ಕೆ ಮತ್ತೆ ಗಂಡು ತೋರಿಸುತ್ತಾರೆ. ಹೀಗೆ ಹೆಣ್ಣಿನ ಇಡೀ ಬಾಳು ಬಸಿರು ಬಾಣಂತನದಲ್ಲೇ ಸಾಗುವುದರಿಂದ ಅದನ್ನು ಗಮನಿಸುವ ಕಣ್ಣು ಮನೆಯೊಳಗೇ ಇರಬೇಕು. ದೊಡ್ಡ ಕಂಪನಿಗಳ ಕೈಗೆ ಈ ಸಾಕಣೆ ಪೂರ್ತಿ ಸಿಗದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಇಷ್ಟಾದರೂ ಜಗತ್ತಿನ ಬಹುಪಾಲು ಅಲ್ಪಾಕಾಗಳಿರುವುದು ಪೆರುವಿನಲ್ಲೇ, ಸುಮಾರು 40 ಲಕ್ಷ. ಅದರಲ್ಲೂ ಪುನೊ ಸೀಮೆಗೆ ಮೊದಲ ಸ್ಥಾನ. ಅಲ್ಲಿನ ಕುಟುಂಬಕ್ಕೆ ಅಲ್ಪಾಕಾ ಎಂದರೆ ಬರೀ ಉಣ್ಣೆಯಲ್ಲ. ಮಾಂಸ ಅದರದ್ದು, ಹೊದಿಕೆ ಅದರದ್ದು. ಮರವಿಲ್ಲದ ನೆಲದಲ್ಲಿ ಒಲೆಗೆ ಉರುವಲು ಅದರ ಒಣ ಹಿಕ್ಕೆ. ಹೆಂಗಸರು ಹಿಂಡಿನ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ನೂಲುತ್ತಾರೆ. ಹಬ್ಬದಲ್ಲಿ ಪ್ರಾಣಿಗಳ ಕಿವಿಗೆ ಬಣ್ಣದ ನೂಲಿನ ಕುಚ್ಚು ಕಟ್ಟಿ ಭೂತಾಯಿ ಪಚಮಾಮಾಗೆ ಎಡೆ ಇಡುತ್ತಾರೆ. ಬೆಟ್ಟದ ತೊರೆಯಿಂದ ಸಣ್ಣ ಕಾಲುವೆ ತೋಡಿ ನೀರು ಹಾಯಿಸಿ ಬೊಫೆದಾಲ್ ಎಂಬ ಜೌಗು ಹುಲ್ಲುಗಾವಲನ್ನು ಹಿಗ್ಗಿಸುವುದು ಅವರ ಹಿರಿಯರಿಂದ ಬಂದ ವಿದ್ಯೆ. ಒಣ ತಿಂಗಳುಗಳಲ್ಲಿ ಹಿಂಡನ್ನು ಬದುಕಿಸುವುದು ಅದೇ. ಈಗ ಹಿಮನದಿಗಳು ಕರಗುತ್ತಿವೆ, ಆ ಜೌಗುಗಳು ಒಣಗುತ್ತಿವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಕಡುಚಳಿಯ ಅಲೆಗಳು ಸಾವಿರಗಟ್ಟಲೆ ಪ್ರಾಣಿಗಳನ್ನು ಬಲಿ ಪಡೆದ ವರ್ಷಗಳಿವೆ.

ಮಾರುಕಟ್ಟೆಯ ಅನ್ಯಾಯ ಇದಕ್ಕಿಂತ ನೋವಿನದು. ಅಂಗಡಿಯಲ್ಲಿ ‘ಬೇಬಿ ಅಲ್ಪಾಕಾ’ ಎಂದು ಮಾರುವುದು ಮರಿಯ ಉಣ್ಣೆಯೇ ಆಗಬೇಕಿಲ್ಲ; 23 ಮೈಕ್ರಾನ್‌ಗಿಂತ ದಪ್ಪವಾಗದ ನಯವಾದ ಎಳೆಗೆ ಆ ಹೆಸರು. ದುಬಾರಿ ಸ್ವೆಟರಿನ ಬೆಲೆ ನಿಲ್ಲುವುದೇ ಈ ನಯದ ಮೇಲೆ. ಆದರೆ ಹಳ್ಳಿಯ ಸಂತೆಯಲ್ಲಿ ದಲ್ಲಾಳಿ ಬಹುಮಟ್ಟಿಗೆ ನಯ ಒರಟು ಎಲ್ಲವನ್ನೂ ಒಟ್ಟು ಸೇರಿಸಿ ತೂಕಕ್ಕೆ ಕೊಳ್ಳುತ್ತಾನೆ. ಒಳ್ಳೆಯ ಬೀಜದ ಗಂಡನ್ನು ಆರಿಸಿ, ವರ್ಷಗಟ್ಟಲೆ ತಳಿ ತಿದ್ದಿದವನಿಗೂ ಅದೇ ದರ, ತಿದ್ದದವನಿಗೂ ಅದೇ ದರ. ಗಿರಣಿಗಳು ಬಣ್ಣ ಹಾಕಲು ಸುಲಭವೆಂದು ಬಿಳಿಯನ್ನೇ ಕೇಳುವುದರಿಂದ ಕಂದು, ಬೂದು, ಕಪ್ಪು ಅಲ್ಪಾಕಾಗಳು ಕಡಿಮೆಯಾಗುತ್ತಿವೆ. ಅವುಗಳ ತಳಿಯನ್ನು ಪುನೊದ ಸರ್ಕಾರಿ ಕೇಂದ್ರವೊಂದರಲ್ಲಿ ಕಾಪಿಡಬೇಕಾಗಿ ಬಂದಿದೆ.

ವಿಶ್ವಸಂಸ್ಥೆ 2024ನ್ನು ಒಂಟೆ ಕುಲದ ಪ್ರಾಣಿಗಳ ವರ್ಷವೆಂದು ಆಚರಿಸಿತು. ಆಚರಣೆ ಒಳ್ಳೆಯದೇ. ಆದರೆ ನಯವನ್ನು ಅಳೆದು, ವಿಂಗಡಿಸಿ, ಆ ಬೆಲೆಯನ್ನು ಸಾಕಿದವರ ಕೈಗೇ ಕೊಡುವ ಏರ್ಪಾಡು ಹಳ್ಳಿ ಹಳ್ಳಿಗೂ ಬರುವವರೆಗೆ ಪುನಾದ ಮಕ್ಕಳು ಅರೆಕಿಪಾಕ್ಕೆ, ಲಿಮಾಕ್ಕೆ ಕೂಲಿಗೆ ಹೋಗುತ್ತಲೇ ಇರುತ್ತಾರೆ. ಚಳಿ ನಾಡುಗಳಲ್ಲಿ ನೆಲೆಸಿರುವ ಕನ್ನಡಿಗರೇ, ಅಲ್ಪಾಕಾ ಶಾಲನ್ನೋ ಕಾಲುಚೀಲವನ್ನೋ ಕೊಳ್ಳುವಾಗ ಅದನ್ನು ಯಾವ ಊರಿನವರು ಸಾಕಿದ್ದು, ನೂತದ್ದು ಎಂದು ಅಂಗಡಿಯವರನ್ನು ಕೇಳಿ. ಸಾಕಣೆದಾರರ ಸಂಘಗಳಿಂದ ನೇರವಾಗಿ ತರಿಸುವವರು ಸಿಕ್ಕರೆ ಅವರಲ್ಲೇ ಕೊಳ್ಳಿ.